ಎಂಟು ಸಾವಿರ ಹೆಜ್ಜೆ

ಸುಲ್ತಾನ್‌ಪೇಟೆ, ಮಧ್ಯಾಹ್ನ ಹನ್ನೆರಡು

ಡಾಕ್ಟರ್ ಪ್ರಿಯಂವದಾ ಅವರಿಗೆ ನಮಸ್ಕಾರ.

ಲಗ್ನಪತ್ರಿಕೆಯ ಕವರಿನೊಳಗೆ ಈ ಕಾಗದ ಇಟ್ಟಿದ್ದಕ್ಕೆ ಕ್ಷಮಿಸಿ. ತಂದುಕೊಟ್ಟವನು ನಮ್ಮ ಕಾರ್ಡ್ ಅಂಗಡಿಯ ಕೈಗಾಡಿ ಎಳೆಯುವ ಮರಿಯಣ್ಣ. ಅವನನ್ನು ವಾಪಸ್ ಕಳಿಸಬೇಡಿ. ಮೊದಲು ಕೂರಿಸಿ.

ಹೋದ ತಿಂಗಳು ನನ್ನ ವಾಚಿನ ಲೆಕ್ಕ ನೋಡಿ ಭೇಷ್ ಎಂದಿರಿ. ದಿನಾ ಎಂಟು ಸಾವಿರ ಹೆಜ್ಜೆ. ಅವು ನನ್ನವಲ್ಲ. ಊಟವಾದ ಮೇಲೆ ಹತ್ತು ನಿಮಿಷ ನಡೆದರೆ ಸಾಕು ಅಂದಿದ್ದಿರಿ. ಮದುವೆ ಸೀಸನ್‌ನಲ್ಲಿ ಅಷ್ಟೂ ಮಾಡಲಾಗದೆ ವಾಚನ್ನು ಮರಿಯಣ್ಣನ ಕೈಗೆ ಕಟ್ಟಿದೆ. ಅವನು ಬಳೇಪೇಟೆಗೆ ಬಂಡಲ್ ಎಳೆದು ಬಂದರೆ ನನ್ನ ಫೋನಿನಲ್ಲಿ ಹೆಜ್ಜೆ ಏರುತ್ತಿತ್ತು.

ಇವತ್ತು ಅದೇ ಫೋನು ಮೂರು ಸಲ ಎಚ್ಚರಿಸಿತು: ನಿಮ್ಮ ಎದೆಬಡಿತ ಸರಿಯಿಲ್ಲ, ವೈದ್ಯರನ್ನು ಕಾಣಿ. ನಾನು ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದೆ. ಹೊರಗೆ ಓಡಿದರೆ ಅವನು ಗಾಡಿಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದ. ಡಾಕ್ಟರ ಹತ್ತಿರ ಹೋಗೋಣ ಎಂದೆ.

"ದಿನಾ ನಡಿಯೋನಿಗೆ ಏನ್ ಕಾಯಿಲೆ ಸಾಮಿ? ನೀವು ತೋರಿಸ್ಕೊಳ್ಳಿ" ಎಂದು ನಕ್ಕ.

ನಿಮ್ಮ ಕ್ಲಿನಿಕ್ಕಿನ ಫೋನನ್ನು ಯಾರೂ ಎತ್ತುತ್ತಿಲ್ಲ. ಅದಕ್ಕೇ ಚಾಮರಾಜಪೇಟೆಯಲ್ಲಿ ನಿಮಗೆ ಪತ್ರಿಕೆ ಕೊಟ್ಟು ಬಾ ಎಂದು ಸುಳ್ಳು ಹೇಳಿ ಆಟೋ ಹತ್ತಿಸುತ್ತಿದ್ದೇನೆ. ಈ ಸೀಸನ್‌ನಲ್ಲಿ ನಾನೂ ಅಂಗಡಿ ಬಿಟ್ಟು ಹತ್ತಿದರೆ ಅನುಮಾನ ಬಂದು ಇಳಿದುಬಿಡುತ್ತಾನೆ. ಅವನು ಹೊರಟ ಕೂಡಲೇ ಬಾಗಿಲು ಹಾಕಿ ಹಿಂದೆಯೇ ನಡೆದು ಬರುತ್ತೇನೆ. ಇನ್ನೊಂದು ಆಟೋಗೆ ಕಾಯುತ್ತಾ ನಿಲ್ಲಲಾರೆ.

ವಾಚು ಅವನ ಕೈಯಲ್ಲೇ ಇರಲಿ. ಇವತ್ತು ನನ್ನ ಹೆಜ್ಜೆ ಯಾರೂ ಎಣಿಸುವುದು ಬೇಡ. ನಾನು ಬಂದಾಗ ಅವನು ಕೂತು ಮಾತಾಡುತ್ತಿದ್ದರೆ ಸಾಕು.

ನಿಮಗೆ ಸುಳ್ಳು ಹೇಳಿದ ಪೇಷೆಂಟು,
ರಾಮಾನುಜ