ಬಸ್ಸಿನ ಹಿಂದೆ ಎರಚುವ ನೀರು

ಅಕ್ಕಾ,

ಮೂವತ್ತು ವರ್ಷದ ಹಿಂದೆ ಯುದ್ಧ ಬಂದು ನಮ್ಮ ಚಿನಾರ್ ಫುಟ್‌ಬಾಲ್ ಕ್ಲಬ್ಬು ಊರು ಬಿಟ್ಟಾಗ, ಹೋದವರು ಮರಳಿ ಬರಲೆಂದು ನೀನು ಬಸ್ಸಿನ ಹಿಂದೆ ಒಂದು ಚೊಂಬು ನೀರು ಎರಚಿದ್ದೆ. ಅದು ಸುಳ್ಳಾಗಲಿಲ್ಲ, ಇವತ್ತು ತಂಡ ಮರಳಿ ಬಂತು, ಜೊತೆಗೆ ನಾನೂ. ಮೈದಾನದ ಗುರುತೇ ಸಿಗಲಿಲ್ಲ. ಗೋಲಿನ ಬಾಯಲ್ಲೇ ದಾಳಿಂಬೆ ಗಿಡ ಎದ್ದಿದೆ.

"ಮುಟ್ಬೇಡ್ರೋ! ಇಷ್ಟು ವರ್ಷ ಒಂದು ಗೋಲೂ ಬಿಟ್ಟಿಲ್ಲ ಇದು" ಎಂದರು ಹಳೇ ಕೋಚ್ ತೆಯ್ಮೂರ್ ಮಾವ.

ಈಗ ಬಸ್ಸು ರಾಜಧಾನಿ ಬಾಕುವಿಗೆ ವಾಪಸು ಹೊರಟಿದೆ. ಹಿಂದೆ ನೀರೆರಚಲು ಊರಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅದಕ್ಕೇ ನಾನು ಇಳಿದು ಇಲ್ಲೇ ಉಳಿದುಬಿಟ್ಟೆ. ಮೈದಾನದ ಕಾವಲುಗಾರನ ಹಳೇ ಕೋಣೆಗೆ ಇನ್ನೂ ಸೂರು ಇದೆ, ಮಂಡಿನೋವೂ ಕಡಿಮೆ; ಕಂಬಳಿ ಕಳಿಸು. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಈ ಕಾರ್ಡು ಅವನ ಕೈಗೆ ಕೊಟ್ಟು, ನೀರು ತುಂಬಿಟ್ಟ ಕೆಟಲ್ ಎತ್ತಿಕೊಳ್ಳಬೇಕು.

ನಿನ್ನ ತಮ್ಮ,
ರಾಸಿಮ್