ಮೂವತ್ತೈದು ಗುಂಡಿಯ ಫೋನು

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 7.40

ಇವತ್ತೂ ಬಸ್ ಲೇಟು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಫಸ್ಟ್ ಅವರ್ ತಪ್ಪಿದರೆ ಕ್ಲಾಸಿನ ಹೊರಗೇ ನಿಲ್ಲಬೇಕು. ಬ್ಯಾಗಿನಲ್ಲಿ ಆ ದರಿದ್ರ ಫೋನು ಬೇರೆ.

ತಿಪಟೂರಿನ ಕೊಬ್ಬರಿ ಮಂಡಿ ಕರಿಬಸವಯ್ಯನವರು ನಿನ್ನೆ ಮನೆಗೇ ಬಂದು ಕೊಟ್ಟುಹೋದರು. ಅಮ್ಮ ಹನ್ನೆರಡು ವರ್ಷದಿಂದ ಅವರ ಶೆಡ್ಡಿನಲ್ಲಿ ಕೊಬ್ಬರಿ ಬಿಡಿಸುವವಳು. ಚಿಪ್ಪು ಒಡೆಯಬೇಕು, ಒಳಗಿನ ಉಂಡೆ ಒಡೆಯಬಾರದು.

"ಬಿಸಿನೆಸ್ ಫೋನ್ ಕಣಮ್ಮ. ಏಜೆಂಟು ಟ್ರಯಲ್‌ಗೆ ಕೊಟ್ಟವ್ನೆ, ಸಿಮ್ಮೂ ಅವನ್ದೇ. ಸರಿ ಅನ್ಸಿದ್ರೆ ಶೆಡ್ಡಿಗೊಂದು ತಗಳಣ. ಹಾಸ್ಟೆಲಲ್ಲಿ ಇಂಗ್ಲಿಷ್ ಓದ್ದೋಳು ನೀನು. ನೋಡಿ ಬರ್ಕೊಡು."

ನನ್ನನ್ನು ಯಾರು ಕೇಳಿದರು? ಅಮ್ಮ ಆಗಲೇ ತಲೆಯಾಡಿಸಿದ್ದಳು.

ಅರ್ಧ ಸ್ಕ್ರೀನ್, ಅರ್ಧ ಕೀಬೋರ್ಡ್. ಎಣಿಸಿದೆ — ಮೂವತ್ತೈದು ಗುಂಡಿ. ಒಂದೊಂದೂ ದಾಳಿಂಬೆ ಬೀಜದಷ್ಟು.

ಸೆಪ್ಟೆಂಬರ್ 9

ಕ್ಯಾಂಟೀನಿನಲ್ಲಿ ತೆಗೆದದ್ದೇ ತಪ್ಪಾಯಿತು. ನಯನ ಎಲ್ಲರಿಗೂ ಕೇಳುವಂತೆ ಅಂದಳು: "ಏನೇ ಅದು, ಕಂಡಕ್ಟರ್ ಮಿಷನ್ನಾ? ಎಲ್ಲಿ, ತುರುವೇಕೆರೆಗೆ ಒಂದು ಫುಲ್ಲು, ಒಂದು ಹಾಫು ಕೊಡೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೇ ಈಗ ಹೆಚ್ಚು ಸಿಟ್ಟು.

ಸೆಪ್ಟೆಂಬರ್ 11. ಸಂಜೆ 6

ಕೆಲಸದಿಂದ ಬಂದವಳೇ ಅಮ್ಮ, "ಒಸಿ ಕೊಡೇ ಅದ, ನೋಡ್ತೀನಿ" ಅಂದಳು. ಕೈ ತುಂಬ ಕೊಬ್ಬರಿ ಎಣ್ಣೆಯ ಜಿಡ್ಡು. ಗುಂಡಿಗಳ ಸಂದಿಯಲ್ಲೆಲ್ಲ ಚಿಪ್ಪಿನ ಪುಡಿ! ಕಿತ್ತುಕೊಂಡೆ.

"ಅಮ್ಮ, ಇದು ವಾಪಸ್ ಕೊಡೋ ಫೋನು. ಆಟದ ಸಾಮಾನಲ್ಲ."

"ಆಯ್ತು ಬುಡವ್ವ."

ನಾನು ಸ್ನಾನ ಮುಗಿಸಿ ಬಂದರೆ ಮತ್ತೆ ಅವಳ ಕೈಯಲ್ಲೇ! ಕೈ ತೊಳೆದಿದ್ದಳು, ನಿಜ. ಆದರೂ... ಹೇಳಿದ್ದು ಕೇಳಬಾರದಾ?

ಸೆಪ್ಟೆಂಬರ್ 15

ರಿಪೋರ್ಟ್ ಕೊಟ್ಟು ಕೈ ತೊಳೆದುಕೊಂಡೆ. ಒಂದು ಪುಟ. ಸ್ಕ್ರೀನ್ ಸಾಲದು. ಕ್ಯಾಮೆರಾ ಮಬ್ಬು. ಅಂಕಿ ಒತ್ತಲು ಎರಡು ಗುಂಡಿ ಬೇಕು. ಹಳೇ ಕಾಲದ್ದು, ತೆಗೆದುಕೊಳ್ಳುವುದು ಬೇಡ. ಕೆಳಗೆ ಸೈನ್: ಕೃತಿಕಾ, ಫಸ್ಟ್ ಬಿಕಾಂ.

ಕರಿಬಸವಯ್ಯನವರು ಎರಡು ಸಲ ಓದಿದರು. "ಹಂಗಾರೆ ಟಚ್ ಫೋನೇ ಇರ್ಲಿ. ಕಲ್ಲೇಶನ್ನೇ ಮೇಸ್ತ್ರಿ ಮಾಡ್ತೀನಿ."

ಕಲ್ಲೇಶ ಹೋದ ವರ್ಷ ಸೇರಿದವನು, ಚಿಪ್ಪು ಮೂಟೆ ಕಟ್ಟುವವನು. ಫೋನಿಗೂ ಅವನಿಗೂ ಏನು ಸಂಬಂಧ? ಕೇಳಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಶನಿವಾರ ಏಜೆಂಟ್ ಬರುತ್ತಾನಂತೆ, ಅಷ್ಟರೊಳಗೆ ಫೋನ್ ತಂದುಕೊಡಬೇಕು.

ಸೆಪ್ಟೆಂಬರ್ 17. ಸಂಜೆ

ನನ್ನ ಮೇಲ್, ಫೋಟೋ ಅಳಿಸುತ್ತಿದ್ದೆ. ಮೆಸೇಜಿನಲ್ಲಿ ಡ್ರಾಫ್ಟ್ ಇಪ್ಪತ್ಮೂರು. ಯಾವುದೂ ನನ್ನದಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮೊದಲನೆಯದು ಬರೀ "ಉಉಉನ್". ಆಮೇಲೆ "ಉಂಡೆ". ಆಮೇಲೆ "ಉಂಡೆ 380 ಒಡಕು 14". ಕೊನೆಯದರಲ್ಲಿ ಒಂದೂ ತಪ್ಪಿಲ್ಲ.

ಅಮ್ಮನ ಮುಂದೆ ಹಿಡಿದೆ. ಅವಳು ಹೆಬ್ಬೆರಳು ತೋರಿಸಿದಳು. ಅಲ್ಲಿ ಗೆರೆಯೇ ಇಲ್ಲ. ಚರ್ಮ ಚಿಪ್ಪಿನ ಹಾಗೇ ಗಟ್ಟಿ, ನಡುವೆ ಸೀಳು.

"ದಿನಾ ಸಾಯಂಕಾಲ ಲೆಕ್ಕ ಫೋನಲ್ಲಿ ಕಳ್ಸೋರೇ ಮೇಸ್ತ್ರಿ ಅಂದವ್ರೆ. ಟಚ್ ಫೋನು ನನ್ನ ಬೆಳ್ಳು ಕಂಡ್ರೇ ಅಲ್ಲಾಡಲ್ಲ ಕಣೇ. ರೇಷನ್ ಅಂಗ್ಡೀಲೂ ಮಿಷನ್ ಹಿಡಿಯಲ್ಲ. ಇದು ಒತ್ತಿದ್ರೆ ಟಕ್ ಅಂತದೆ."

"ಮೊದಲೇ ಹೇಳೋಕೇನಾಗಿತ್ತು?" ಕಿರುಚಿದೆ.

"ನೀನು ಕೇಳಿದ್ಯಾ?"

ಹತ್ತು ದಿನ ಬ್ಯಾಟರಿ ನೋಡಿದೆ, ಕ್ಯಾಮೆರಾ ನೋಡಿದೆ. ಒತ್ತುವ ಕೈ ಯಾವುದು ಅಂತ ನೋಡಲಿಲ್ಲ. ನಾನು ಕತ್ತೆ. ಕತ್ತೆ. ಕತ್ತೆ.

ಸೆಪ್ಟೆಂಬರ್ 18

ಕ್ಲಾಸ್ ಬಿಟ್ಟು ಮಂಡಿಗೆ ಹೋದೆ. "ರಿಪೋರ್ಟ್ ತಪ್ಪು, ಅಂಕಲ್. ವಾಪಸ್ ಕೊಡಿ."

"ಬರ್ದೋಳೂ ನೀನೇ, ಸೈನ್ ಹಾಕ್ದೋಳೂ ನೀನೇ. ಈಗ ತಪ್ಪು ಅಂದ್ರೆ? ಶನಿವಾರ ನಿಮ್ಮವ್ವ ಬಂದು ನನ್ ಮುಂದೆ ಲೆಕ್ಕ ಕಳ್ಸಿ ತೋರುಸ್ಲಿ. ಆಮೇಲೆ ನೋಡಣ."

ಪಕ್ಕದಲ್ಲಿ ಕಲ್ಲೇಶ ಅಮ್ಮನ ಹೆಸರೆತ್ತಿ ಹಲ್ಲು ಬಿಟ್ಟ. "ಚಿಕ್ಕಗೌರಕ್ಕಂಗೂ ಎಕ್ಸಾಮಾ? ಹಾಲ್ ಟಿಕೆಟ್ ಕೊಟ್ರಾ?"

ಮನೆಯಲ್ಲಿ ಹೇಳಿದರೆ ಅಮ್ಮ ಉರಿದುಬಿದ್ದಳು. ಅವಳಿಗೆ ಇಷ್ಟು ಸಿಟ್ಟು ಬರುತ್ತದೆಂದು ಗೊತ್ತೇ ಇರಲಿಲ್ಲ. "ಹನ್ನೆರಡು ವರ್ಸ ಅವ್ರ ಉಂಡೆ ಒಡೀದಂಗೆ ತೆಗೆದೋಳು ನಾನು. ಅವತ್ತೆಲ್ಲ ಯಾರ್ ಪರೀಕ್ಷೆ ಮಾಡಿದ್ರು? ಹೋಗಲ್ಲ. ನೀನೇ ಹೋಗಿ ಕೊಟ್ ಬಾ ಅದ."

ಫೋನನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ಒಂದೊಂದು ಸಂದಿಯನ್ನೂ.

ಸೆಪ್ಟೆಂಬರ್ 20, ಶನಿವಾರ. ಮಧ್ಯಾಹ್ನ 3.10

ಮಂಡಿಯ ಹೊರಗಿನ ಬೆಂಚು. ಫೋನ್ ಕೊಡಲು ಬಂದೆ. ಏಜೆಂಟ್ ಒಳಗಿದ್ದ. ಐದು ನಿಮಿಷಕ್ಕೆ ಅಮ್ಮ ಬಂದಳು — ಶೆಡ್ಡಿನಿಂದ ನೇರ, ಸೀರೆ ತುಂಬ ಚಿಪ್ಪಿನ ಪುಡಿ. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಒಳಗೆ ಹೋದಳು. ಕಲ್ಲೇಶ ಏನೋ ಅನ್ನಲು ಬಾಯಿ ತೆರೆದ. ಅಮ್ಮನ ಮುಖ ನೋಡಿ ದಾರಿ ಬಿಟ್ಟ.

ಸುಮ್ಮನೆ ಕೂರಲಾಗುತ್ತಿಲ್ಲ. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಹೊಸ ರಿಪೋರ್ಟ್ ಶುರು ಮಾಡಿದ್ದೇನೆ. ಕೀಬೋರ್ಡ್: ನನ್ನ ಬೆರಳಿಗೆ ಇಕ್ಕಟ್ಟು. ಅಮ್ಮನ ಹೆಬ್ಬೆರಳಿಗೆ —

ನನ್ನ ಫೋನಿಗೆ ಮೆಸೇಜ್. ಏಜೆಂಟಿನ ಸಿಮ್ಮಿನ ನಂಬರು.

"ಉಂಡೆ 412 ಒಡಕು 9. ಆಚೆ ಯಾಕೆ ಕೂತಿದಿಯೆ. ಒಳಗೆ ಬಾ. ರಿಪೋರ್ಟ್ ತಿದ್ಬೇಕಂತೆ. ಪೆನ್ನು ತಗೊಂ—"

ಪೂರ್ತಿ ಟೈಪ್ ಮಾಡುವ ಮೊದಲೇ ಕಳಿಸಿಬಿಟ್ಟಿದ್ದಾಳೆ. ಹೋಗ್ತಿ—