ಕನ್ನಡಿಯೊಳಗಿನ ಮೇಡಂ

ಅಪ್ಪನಿಗೆ ನಮಸ್ಕಾರ.

ಕತ್ತರಿ ಕೊನೆಗೂ ನನ್ನ ಮಾತು ಕೇಳಿತು. ಮೊನ್ನೆ ನಾನು ಕಟಿಂಗ್ ಮಾಡಿದ ತಲೆಯನ್ನು ನಮ್ಮ ತರಬೇತಿ ಮೇಡಂ ಬಾಚಿ ಬಾಚಿ ನೋಡಿದರು. ಒಂದೆಳೆಯೂ ಹೆಚ್ಚುಕಡಿಮೆ ಇರಲಿಲ್ಲ.

"ನೂರು ಸಲ ಮಾಡಿದ್ರೆ ಕಲ್ಲಿಗೂ ವಿದ್ಯೆ ಹತ್ತುತ್ತೆ" ಎನ್ನುವುದು ನಿಮ್ಮ ಸಿದ್ಧಾಂತ. ನಮ್ಮ ಕಟಿಂಗ್ ಅಂಗಡಿಯಲ್ಲಿ ನೀವು ಪಕ್ಕಕ್ಕೆ ನಿಲ್ಲಿಸಿಕೊಂಡು ಎಷ್ಟು ಹೇಳಿಕೊಟ್ಟರೂ ನನಗೆ ಹತ್ತಲಿಲ್ಲ. "ನೋಡಿ ಕಲಿ" ಎನ್ನುವುದು ಮೇಡಂ ಸಿದ್ಧಾಂತ. ಅವರ ಬಲಗೈ ನೋಡಿದಷ್ಟೂ ನನ್ನ ಎಡಗೈ ತಬ್ಬಿಬ್ಬಾಗುತ್ತಿತ್ತು. ಒಂದು ದಿನ ಬೇಸತ್ತು ಎದುರಿನ ಕನ್ನಡಿ ನೋಡುತ್ತ ನಿಂತೆ. ಅದರೊಳಗೆ ಮೇಡಂ ಕೂಡ ಎಡಚಿ! ಅವತ್ತಿನಿಂದ ಆ ಮೇಡಂ ಹತ್ತಿರವೇ ಕಲಿತೆ. "ನಾನಿರೋದು ಇಲ್ಲಿ ಕಣಮ್ಮ" ಎಂದು ಬೈದವರು, ಕಾರಣ ಕೇಳಿ ನಕ್ಕು, ಎಡಗೈಯವರ ಕತ್ತರಿಯನ್ನೇ ತರಿಸಿಕೊಟ್ಟರು.

ನಮ್ಮ ಅಂಗಡಿಯಲ್ಲೂ ಗೋಡೆತುಂಬ ಕನ್ನಡಿಯೇ ಇದೆ. ಇಬ್ಬರಿಗೂ ಹೊಳೆಯಲಿಲ್ಲ ನೋಡಿ. ಹಾಗಾಗಿ ಈಗ ನನ್ನದೂ ಒಂದು ಸಿದ್ಧಾಂತ: ನೂರು ಸಲಕ್ಕೂ ವಿದ್ಯೆ ಹತ್ತದಿದ್ದರೆ, ಕಲ್ಲನ್ನು ಕೊಂಚ ತಿರುಗಿಸಿ ಕೂರಿಸಬೇಕು.

ಭಾನುವಾರ ಬರುತ್ತೇನೆ. ಕಿಟಕಿ ಪಕ್ಕದ ಕುರ್ಚಿ ಖಾಲಿ ಇಡಿ.

ಅಮ್ಮ ಫೋನಿನಲ್ಲಿ ಒಂದು ವಿಷಯ ಹೇಳಿದಳು. ನಾನು ತರಬೇತಿಗೆ ಹೊರಟಾಗಿನಿಂದ ನೀವು ಯಾರ ಕೈಗೂ ತಲೆ ಕೊಟ್ಟಿಲ್ಲವಂತೆ. "ಕಟಿಂಗ್ ಅಂಗಡಿ ಯಜಮಾನ್ರೇ ಜಡೆ ಹಾಕೋ ಹಾಗಾದ್ರಲ್ಲ" ಎಂದು ಗಿರಾಕಿಗಳು ನಗುತ್ತಾರಂತೆ. ಯಾಕೆಂದು ನಾನು ಕೇಳುವುದಿಲ್ಲ. ಭಾನುವಾರದವರೆಗೆ ನಗಲಿ ಬಿಡಿ.

ಇಂತಿ,
ನಿಮ್ಮ ಎಡಚಿ